ಬಿಳುಪು ಬಟ್ಟೆಯಲ್ಲಿರಲಿ, ಬೀಟೆ ಮರದ ಮೇಲೆ ಬೇಡ

ಪ್ರಶ್ನೆ

ಆಲ್ದೂರು ಹತ್ತಿರದ ಕಾಫಿ ತೋಟದ ಮನೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ. ಮುಖ್ಯ ಭಾಗ ಇಷ್ಟು:

"ನಮ್ಮದು ಹೆಂಚಿನ ಹಳೇ ಮನೆ. ಕೆಂಪು ನೆಲ. ಮೊನ್ನೆ ಅಟ್ಟದಿಂದ ಅಜ್ಜಿ ಕಾಲದ ಕಬ್ಬಿಣದ ಟ್ರಂಕು ಇಳಿಸಿದೆವು. ಒಳಗೆ ಕ್ರೋಶಾ ಹೆಣಿಗೆಯ ಬಿಳಿ ಹೊದಿಕೆಗಳು, ಲೇಸ್ ಇಟ್ಟ ದಿಂಬಿನ ಕವರುಗಳು, ತೆಳು ಮಲ್‌ಮಲ್ ಪರದೆಗಳು. ಎಲ್ಲಾ ಹಳದಿ ತಿರುಗಿವೆ, ಅಲ್ಲಲ್ಲಿ ಕಂದು ಚುಕ್ಕೆ. ಒಂದು ಲೇಸನ್ನು ಬ್ಲೀಚ್ ಹಾಕಿ ನೆನೆಸಿದೆ. ಹಿಂಡುವಾಗ ಕೈಯಲ್ಲೇ ಹರಿದು ಬಂತು. ನಾಲ್ಕು ಕಂಬದ ಬೀಟೆ ಮಂಚವೂ ಇದೆ, ಒಂದು ಕನ್ನಡಿ ಮೇಜು, ಹಸಿರು ಬಣ್ಣ ಹೊಡೆದ ಹಳೇ ತೊಟ್ಟಿಲು. ಇಂಟರ್ನೆಟ್‌ನಲ್ಲಿ ನೋಡಿದ ಹಾಗೆ ಎಲ್ಲಕ್ಕೂ ಬಿಳಿ ಬಣ್ಣ ಹೊಡೆದು, ಬಿಳಿ ಪರದೆ ಇಳಿಬಿಟ್ಟು, ಒಂದು ಕೋಣೆಯನ್ನಾದರೂ ಹಳೇ ಕಾಲದ ಮೃದುವಾದ ಕೋಣೆಯಾಗಿ ಮಾಡಬೇಕೆಂದು ಆಸೆ. ನಮ್ಮತ್ತೆ, 'ಮಳೆಗಾಲ ಬಂದ್ರೆ ಬಿಳಿ ಬಟ್ಟೆ ಎಲ್ಲಾ ಬೂಷ್ಟು ಹಿಡಿದು ಹಾಳಾಗುತ್ತೆ, ಸುಮ್ನೆ ದುಡ್ಡು ಕಳೀಬೇಡ' ಅಂತಾರೆ. ಮಂಚದ ಕೆಳಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಏನು ಮಾಡಲಿ? ಇನ್ನೊಂದು ವಿಷಯ: ಒಬ್ಬ ವ್ಯಾಪಾರಿ ಹಳೇ ಕೆತ್ತನೆ ಕಲ್ಲು ಕೊಡ್ತೀನಿ, ಅಂಗಳದಲ್ಲಿ ಇಡಿ ಅಂತಿದ್ದಾನೆ. ತೊಗೋಬಹುದಾ?"

ಉತ್ತರ

ನೀವು ಕೇಳಿದ್ದು ಹಲವು ಪ್ರಶ್ನೆ, ಚಿಂತೆ ಮಾತ್ರ ಒಂದೇ: ನಮ್ಮ ಮಳೆಯಲ್ಲಿ ಬಿಳಿ ಕೋಣೆ ಉಳಿಯುತ್ತಾ? ಉಳಿಯುತ್ತದೆ. ಆದರೆ ವರ್ಷದ ಹನ್ನೆರಡು ತಿಂಗಳೂ ಒಂದೇ ರೂಪದಲ್ಲಿ ಅಲ್ಲ. ಬಿಳುಪನ್ನು ಬಿಚ್ಚಿ ತೊಳೆಯುವಂಥದ್ದರಲ್ಲಿ ಇಡಿ, ಅಂದರೆ ಬಟ್ಟೆಯಲ್ಲಿ. ಸುಣ್ಣದ ಗೋಡೆಯಲ್ಲೂ ಇರಲಿ. ಮರವನ್ನು ಅದರ ಪಾಡಿಗೆ ಬಿಡಿ. ಹಳೇ ಮನೆಗಳ ಮರ, ಬಟ್ಟೆ ನೋಡಿಕೊಳ್ಳುವ ಕೆಲಸದಲ್ಲಿ ಹಾಸನ, ಚಿಕ್ಕಮಗಳೂರು ಕಡೆ ಓಡಾಡುವ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ನೀವು ನೋಡಿದ ಚಿತ್ರಗಳ ಶೈಲಿಗೆ ಶ್ಯಾಬಿ ಶಿಕ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದ ರೇಚಲ್ ಆಶ್‌ವೆಲ್ 1989ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಇದೇ ಹೆಸರಿನ ಅಂಗಡಿ ತೆರೆದರು. ಶೈಲಿ ಜನಪ್ರಿಯವಾದದ್ದು ಅಲ್ಲಿಂದ. ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕ ಮೇಜು, ಮಾಸಿದ ಬಿಳಿ ಬಣ್ಣ, ಗುಲಾಬಿ ಹೂವಿನ ಬಟ್ಟೆ, ಸೋಫಾಕ್ಕೆ ಸಡಿಲವಾದ ಬಿಳಿ ಕವರು. ಆ ಕವರನ್ನು ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ಮಕ್ಕಳಿರುವ ಮನೆಗೂ ಬಿಳಿ ಒಗ್ಗುವುದು ಅದರಿಂದಲೇ. ಚಿತ್ರ ನೋಡಿ ಮನೆ ಮಾಡುವವರು ಈ ಭಾಗವನ್ನೇ ಮರೆಯುತ್ತಾರೆ.

ಇನ್ನು ಹವೆ. ಸಾಂಟಾ ಮೋನಿಕಾ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 350 ಮಿ.ಮೀ. ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ 2,000 ಮಿ.ಮೀ. ದಾಟುವುದು ಸಾಮಾನ್ಯ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಅಲ್ಲಿ ಮೇಜಿಗೆ ಬಣ್ಣ ಹೊಡೆದು, ಉಜ್ಜಿ, ಮೇಣ ಹಚ್ಚಿ ಬಿಟ್ಟರೆ ಹಾಗೇ ಇರುತ್ತದೆ. ಇಲ್ಲಿ ಆ ಮೇಣದ ಮೇಲೆ ಜುಲೈನಲ್ಲಿ ಬೂಷ್ಟು ಕೂರುತ್ತದೆ. ಕಡೂರು, ಅರಸೀಕೆರೆ ಕಡೆಯವರು ಇದನ್ನು ಓದುತ್ತಿದ್ದರೆ ನಿಮ್ಮ ಲೆಕ್ಕ ಬೇರೆ. ನಿಮಗೆ ತೇವಕ್ಕಿಂತ ಬಿಸಿಲು, ಧೂಳಿನ ಕಾಟವೇ ಜಾಸ್ತಿ.

ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಬೂಷ್ಟಿಗೆ ಬಟ್ಟೆಯ ಬಣ್ಣ ಬೇಕಾಗಿಲ್ಲ. ಕಪ್ಪು ಕೋಟಿಗೂ ಹಿಡಿಯುತ್ತದೆ, ಬಿಳಿ ಮೇಲೆ ಕಣ್ಣಿಗೆ ಬೀಳುತ್ತದೆ ಅಷ್ಟೇ. ಅದಕ್ಕೆ ಬೇಕಾದ್ದು ತೇವ ಮತ್ತು ಆಹಾರ. ಗಾಳಿಯಲ್ಲಿನ ತೇವ ನೂರಕ್ಕೆ 65-70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಅದು ಬೆಳೆಯಲು ಶುರು ಮಾಡುತ್ತದೆ. ಆಹಾರ ಎಂದರೆ ಗಂಜಿ, ಸರಿಯಾಗಿ ಜಾಲಾಡಿಸದೆ ಉಳಿದ ಸೋಪು, ಬೆವರು, ಧೂಳು. ಗಂಜಿ ಹಾಕಿ, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಬಟ್ಟೆಗೆ ಮೊದಲು ಹಿಡಿಯುತ್ತದೆ. ಬರೀ ತೊಳೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆ ಎಷ್ಟೋ ತಡೆದುಕೊಳ್ಳುತ್ತದೆ. ಸಿಲ್ವರ್‌ಫಿಶ್ ಹುಳುವಿಗೂ ಗಂಜಿ ಎಂದರೆ ಪ್ರಾಣ. ಹಾಗಾಗಿ ಎತ್ತಿಡುವ ಬಟ್ಟೆಗೆ ಗಂಜಿ ಬೇಡ. ಹೊರಗೆ ತೆಗೆದು ಹಾಸುವಾಗ ಹಾಕಿಕೊಳ್ಳಿ.

ಆ ಹರಿದ ಲೇಸಿನ ವಿಷಯ. ನೀವು ಬೇಸರ ಮಾಡಿಕೊಳ್ಳಬೇಡಿ, ಅದು ಮೊದಲೇ ಸತ್ವ ಕಳೆದುಕೊಂಡಿತ್ತು. ಹತ್ತಿಯ ನಾರು ವರ್ಷಗಳು ಕಳೆದಂತೆ ತಾನಾಗಿಯೇ ಹುಳಿಯಾಗುತ್ತಾ, ಹಳದಿ ತಿರುಗುತ್ತಾ, ಒಣಗಿದ ಬಾಳೆ ಎಲೆಯ ಹಾಗೆ ಪೆಡಸಾಗುತ್ತದೆ. ಬ್ಲೀಚ್‌ನಲ್ಲಿರುವ ಕ್ಲೋರಿನ್ ಕಲೆಯನ್ನು ಮಾತ್ರ ತಿನ್ನುವುದಿಲ್ಲ, ನಾರನ್ನೂ ತಿನ್ನುತ್ತದೆ. ಸರಿಯಾಗಿ ಜಾಲಾಡಿಸದಿದ್ದರೆ ಒಣಗಿದ ಮೇಲೂ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ತುಕ್ಕಿನ ಕಲೆ ಇದ್ದರಂತೂ ಅದನ್ನು ಇನ್ನಷ್ಟು ಗಟ್ಟಿಯಾಗಿ ಕೂರಿಸುತ್ತದೆ. ಮೇಲಿಂದ ನೀವು ಹಿಂಡಿದಿರಿ. ಒದ್ದೆ ಲೇಸಿಗೆ ತನ್ನ ನೀರಿನ ಭಾರವೇ ಜಾಸ್ತಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಲೆ ಹೋಗಲಿಲ್ಲ ಅಂತ ಬ್ಲೀಚ್ ಇರುವ ಬಕೆಟ್‌ಗೆ ವಿನೆಗರ್, ನಿಂಬೆರಸ ಅಥವಾ ಬಚ್ಚಲು ತೊಳೆಯುವ ಆಸಿಡ್ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಉಳಿದ ಬಟ್ಟೆಯನ್ನು ತೊಳೆಯುವ ಮುಂಚೆ ಒಂದು ದಿನ ಬೆಳಕಿಗೆ ಹಿಡಿದು ನೋಡಿ. ಇಡೀ ಬಟ್ಟೆ ಒಂದೇ ಸಮ ಹಳದಿಯಾಗಿದ್ದರೆ ಅದು ವಯಸ್ಸು, ಹಳೇ ಗಂಜಿ, ಹಳೇ ಸೋಪು. ಬಹುಪಾಲು ಹೋಗುತ್ತದೆ. ಮಡಿಕೆಯ ಉದ್ದಕ್ಕೂ ಕಂದು ಗೆರೆ ಇದ್ದರೆ ಅರ್ಧ ಹೋಗಬಹುದು. ಆ ಗೆರೆಯಲ್ಲೇ ನಾರು ಮುರಿದಿರುತ್ತದೆ, ಅಲ್ಲಿ ಕೈ ಹಗುರ ಇರಲಿ. ಇಟ್ಟಿಗೆ ಬಣ್ಣದ ಚುಕ್ಕೆ ಟ್ರಂಕಿನ ತುಕ್ಕು, ಅಥವಾ ಯಾವಾಗಲೋ ಚುಚ್ಚಿದ ಗುಂಡುಪಿನ್ನಿನದು. ಮಸಿಯಂಥ ಕಪ್ಪು ಚುಕ್ಕೆ ಬೂಷ್ಟಿನದು. ಬೂಷ್ಟು ಸತ್ತರೂ ಅದರ ಬಣ್ಣ ನಾರಿನೊಳಗೆ ಉಳಿಯುತ್ತದೆ. ಅದನ್ನು ಪೂರಾ ತೆಗೆಯಲು ಹೊರಟರೆ ಬಟ್ಟೆಯೇ ಹೋಗುತ್ತದೆ. ಅಂಥದ್ದನ್ನು ಮಡಿಕೆಯ ಒಳಗೆ ಬರುವಂತೆ ಹಾಸಿ. ನಾನು ನೋಡಿದ ಒಳ್ಳೊಳ್ಳೆಯ ಹಳೇ ಹೊದಿಕೆಗಳಲ್ಲಿ ಒಂದೆರಡು ಚುಕ್ಕೆ ಇದ್ದೇ ಇವೆ, ಅದರಿಂದ ಅವುಗಳ ಚೆಂದ ಕಡಿಮೆಯಾಗಿಲ್ಲ.

ಎಲ್ಲವೂ ಹತ್ತಿಯೇ ಅಂತಲೂ ತಿಳಿದುಕೊಳ್ಳಬೇಡಿ. ಅಂಚಿನಿಂದ ಒಂದೇ ಒಂದು ದಾರ ಎಳೆದು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗುಂಡಗೆ ಗಟ್ಟಿಯಾದರೆ ಪಾಲಿಯೆಸ್ಟರ್. ಆರ್ಟ್ ಸಿಲ್ಕ್ ಎಂದು ಕರೆಯುವ ರೇಯಾನ್ ಕೂಡ ಕಾಗದದ ಹಾಗೇ ಉರಿಯುತ್ತದೆ, ಆದರೆ ಅದರ ಹೊಳಪು ಬೇರೆ, ಒದ್ದೆಯಾದರೆ ಬಲ ಬಹಳ ಇಳಿದುಹೋಗುತ್ತದೆ. ರೇಷ್ಮೆ, ಉಣ್ಣೆ, ರೇಯಾನ್ ಇದ್ದರೆ ನೆನೆಸಬೇಡಿ, ತಿಳಿದವರ ಕೈಗೆ ಕೊಡಿ. ಹತ್ತಿಗೆ ಮಾತ್ರ ಮುಂದಿನ ಮಾತು.

ಮೊದಲು ನೀರು ನೋಡಿ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇರುತ್ತದೆ. ಬಿಳಿ ಬಕೆಟ್‌ನಲ್ಲಿ ರಾತ್ರಿ ನೀರು ಹಿಡಿದಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕೂತಿದ್ದರೆ ಆ ನೀರಿನಲ್ಲಿ ಎಷ್ಟು ತೊಳೆದರೂ ಬಟ್ಟೆ ಹಳದಿಯೇ. "ಬೆಂಗಳೂರಿಂದ ತಂದ ಹೊಸ ಬೆಡ್‌ಶೀಟ್ ಆರು ತಿಂಗಳಿಗೇ ಹಳದಿಯಾಯ್ತು" ಎಂದು ಹೇಳುವವರ ಮನೆಯಲ್ಲಿ ನಾನು ಮೊದಲು ಕೇಳುವುದು ನೀರು ಎಲ್ಲಿಂದ ಅಂತ. ಮಳೆ ನೀರು ಇದಕ್ಕೆ ಬಹಳ ಒಳ್ಳೆಯದು, ಮೆದು ನೀರು. ಹೆಂಚು ತೊಳೆದು ಬರುವ ಮೊದಮೊದಲ ನೀರು ಬಿಟ್ಟು, ಆಮೇಲಿನದನ್ನು ಹಿಡಿದಿಟ್ಟುಕೊಳ್ಳಿ. ಇಲ್ಲವಾದರೆ ಕೊನೆಯ ಜಾಲಾಡಿಕೆಗಾದರೂ ಫಿಲ್ಟರ್ ನೀರು ಬಳಸಿ.

ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ, ಹೊರಗೆ ಬರುತ್ತಿರುವುದು ಆ ಹಳೇ ಹುಳಿಯೇ. ನೀರು ತಿಳಿಯಾಗುವ ತನಕ ಬದಲಾಯಿಸುತ್ತಾ ಹೋಗಿ. ಎಷ್ಟೋ ಬಟ್ಟೆಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಸೋಡಿಯಂ ಪರ್‌ಕಾರ್ಬೊನೇಟ್ ಇರುವ, ಕ್ಲೋರಿನ್ ಇಲ್ಲದ ಪುಡಿ ತನ್ನಿ. ಆಕ್ಸಿಜನ್ ಬ್ಲೀಚ್ ಅಂತ ಸಿಗುತ್ತದೆ. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಟ್ಟೆ ಒಗೆಯುವ ಸೋಡಾ ಆಗಿ ಒಡೆಯುತ್ತದೆ. ಇದೂ ಪೂರ್ತಿ ನಿರಪಾಯವಲ್ಲ, ಆದರೆ ಕ್ಲೋರಿನ್‌ಗಿಂತ ಎಷ್ಟೋ ಮೆದು. ಉಗುರು ಬೆಚ್ಚಗಿನ ನೀರಿನಲ್ಲಿ ಪುಡಿಯನ್ನು ಪೂರಾ ಕರಗಿಸಿ, ಆಮೇಲೆ ಬಟ್ಟೆ ಇಳಿಸಿ. ಡಬ್ಬಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ. ತುಕ್ಕಿನ ಚುಕ್ಕೆ ಇರುವ ಬಟ್ಟೆಗೆ ಇದನ್ನು ಹಾಕುವ ಮುಂಚೆ ತುಕ್ಕು ತೆಗೆಯಿರಿ: ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದುಬಿಡಿ. ಹುಳಿ ನಾರಿನಲ್ಲಿ ಉಳಿಯಬಾರದು.

ಎತ್ತುವಾಗ ಲೇಸನ್ನು ಬರಿಗೈಯಲ್ಲಿ ಎತ್ತಬೇಡಿ. ನೆನೆಸುವಾಗಲೇ ಕೆಳಗೆ ಒಂದು ಹಳೇ ಸೊಳ್ಳೆ ಪರದೆಯ ತುಂಡು ಹಾಸಿ, ಅದರ ನಾಲ್ಕೂ ಮೂಲೆ ಹಿಡಿದು ಎತ್ತಿ. ಟವೆಲ್ ಮೇಲೆ ಮಲಗಿಸಿ, ಅದರ ಮೇಲೆ ಇನ್ನೊಂದು ಟವೆಲ್ ಹಾಸಿ, ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಕ್ರೋಶಾ ಹೊದಿಕೆಯನ್ನು ಹಗ್ಗದ ಮೇಲೆ ನೇತುಹಾಕಿದರೆ ಉದ್ದಕ್ಕೆ ಜೋತುಬಿದ್ದು ಆಕಾರ ಕೆಡುತ್ತದೆ. ಚಾಪೆಯ ಮೇಲೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಹರಡಿ, ಅಂಚುಗಳನ್ನು ಬೆರಳಿನಿಂದ ಎಳೆದು ಸರಿಮಾಡಿ. ಕಾಫಿ ಒಣಗಿಸುವ ಕಣದಲ್ಲಿ ಹರಡಬೇಡಿ, ಹಣ್ಣಿನ ಕರೆ ಹಿಡಿದರೆ ಮತ್ತೆ ಹೋಗುವುದಿಲ್ಲ.

ಬಿಸಿಲು? ಬಿಸಿಲಿಗೆ ಬಟ್ಟೆ ಬೆಳ್ಳಗಾಗುವುದು ನಿಜ. ಅದೇ ಬಿಸಿಲು ನಾರನ್ನು ಸಡಿಲ ಮಾಡುವುದೂ ನಿಜ. ಗಟ್ಟಿ ಬೆಡ್‌ಶೀಟಿಗೆ ಬೆಳಗಿನ ಬಿಸಿಲು ಧಾರಾಳವಾಗಿ ಸಿಗಲಿ. ಹಳೇ ಲೇಸಿಗೆ ಒಂದೆರಡು ಗಂಟೆ ಸಾಕು. ನೀಲಿ ಹಾಕಿದರೆ ಬಿಳುಪು ಬರುತ್ತದೆ ಎನ್ನುವುದು ಕಣ್ಣಿಗೆ ಮಾತ್ರ. ಹಳದಿಯ ಮೇಲೆ ನೀಲಿ ಕೂತಾಗ ಬೆಳ್ಳಗೆ ಕಾಣುತ್ತದೆ, ಕೊಳೆ ಅಲ್ಲೇ ಇರುತ್ತದೆ. ದಿನಬಳಕೆಯ ಬಟ್ಟೆಗೆ ಹಾಕಿ, ತೊಂದರೆ ಇಲ್ಲ. ಟ್ರಂಕಿನ ಬಟ್ಟೆಗೆ ಬೇಡ.

ಮಲೆನಾಡಿನವರು ಬಿಳಿ ಬಟ್ಟೆ ಕೆಡಿಸುವ ಇನ್ನೊಂದು ರೀತಿ ಇದೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು. ಬಟ್ಟೆ ಒಣಗುತ್ತದೆ, ಜೊತೆಗೆ ಹೊಗೆಯೂ ಹತ್ತುತ್ತದೆ. ಹೊಗೆಯ ಜಿಡ್ಡು ಒಮ್ಮೆ ನಾರಿಗಿಳಿದರೆ ಕಂದು ಬಣ್ಣ ಬಿಡುವುದಿಲ್ಲ. ಮಕ್ಕಳ ಸ್ಕೂಲ್ ಯೂನಿಫಾರಂ ಒಣಗಿಸಲು ಬೇರೆ ದಾರಿ ಇಲ್ಲ, ಸರಿ. ಆದರೆ ಅಜ್ಜಿಯ ಹೊದಿಕೆಯನ್ನು ಮಳೆಗಾಲದಲ್ಲಿ ತೊಳೆಯಲೇಬೇಡಿ. ಈ ಕೆಲಸಕ್ಕೆ ಕಾಲ ಫೆಬ್ರವರಿ, ಮಾರ್ಚ್. ಕಾಫಿ ಕೊಯ್ಲು ಬಹುಪಾಲು ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ.

ಹಾಗಾದರೆ ಮಳೆಗಾಲಕ್ಕೆ ಏನು? ಎರಡು ಉಡುಪಿನ ಕೋಣೆ ಮಾಡಿ. ದೀಪಾವಳಿಯಿಂದ ಮೇ ತನಕ ಬಿಳಿ ಹೊದಿಕೆ, ಲೇಸು, ಮಲ್‌ಮಲ್ ಪರದೆ ಎಲ್ಲಾ ಹೊರಗಿರಲಿ. ರೋಹಿಣಿ ಮಳೆ ಮುಗಿದು ಮೃಗಶಿರಾ ಹಿಡಿಯುವ ಮುಂಚೆ ಎಲ್ಲವನ್ನೂ ತೊಳೆದು, ಒಣಗಿಸಿ, ಎತ್ತಿಟ್ಟುಬಿಡಿ. ಮಳೆಗಾಲಕ್ಕೆ ಬೇಗ ಒಣಗುವ ತೆಳು ಹತ್ತಿಯ ಹೊಸ ಪರದೆ, ಸ್ವಲ್ಪ ಗಾಢ ಬಣ್ಣದ ಹಾಸು. ನಾಲ್ಕು ತಿಂಗಳು ಕೋಣೆ ಬೇರೆ ಮುಖ ತೋರಿಸಲಿ. ಇದರಿಂದ ಬಟ್ಟೆಯ ಆಯುಸ್ಸು ಹೆಚ್ಚುತ್ತದೆ, ನಿಮಗೂ ಜುಲೈ ಪೂರ್ತಿ ಬೂಷ್ಟಿನ ಹಿಂದೆ ಓಡುವುದು ತಪ್ಪುತ್ತದೆ.

ಎತ್ತಿಡುವುದು ಅದೇ ಟ್ರಂಕಿಗೆ ಬೇಡ. ಒಳಗೆ ತುಕ್ಕು ಹಿಡಿದಿದೆ, ಕಲೆಗೆ ಅದೇ ಮೂಲ. ಮರದ ಬೀರುವಿನಲ್ಲಿ ಇಡುವುದಾದರೆ ಮರಕ್ಕೆ ಬಟ್ಟೆ ನೇರ ತಾಗಬಾರದು, ಮರದಿಂದಲೂ ಹುಳಿ ಆವಿ ಬರುತ್ತದೆ. ಬಣ್ಣ ಎದ್ದಿಲ್ಲದ ಸ್ಟೀಲ್ ಬೀರು ಒಳ್ಳೆಯದು. ಗಂಜಿ ಇಲ್ಲದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ದೊಡ್ಡ ಹೊದಿಕೆಯನ್ನು ಮಡಚುವ ಬದಲು ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಿ. ಮಡಚಲೇಬೇಕಾದರೆ ಪ್ರತಿ ವರ್ಷ ಬೇರೆ ಗೆರೆಯಲ್ಲಿ ಮಡಚಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ, ಹಿಂದೆ ಗಾಳಿ ಆಡಲಿ. ಲಾವಂಚದ ಬೇರು ಇಡಬಹುದು, ವಾಸನೆ ಚೆನ್ನ. ಅದರಿಂದ ತೇವ ಹೋಗುವುದಿಲ್ಲ. ಹಸಿ ಬೇವಿನ ಸೊಪ್ಪು ಇಟ್ಟರೆ ತೇವವನ್ನು ನಾವೇ ಒಳಗೆ ತಂದಿಟ್ಟ ಹಾಗೆ. ಕೆಲವರು ಬೀರುವಿನಲ್ಲಿ ಸಣ್ಣ ಬಲ್ಬು ಉರಿಸುತ್ತಾರೆ. ಒಣಗಿರುತ್ತದೆ ನಿಜ, ಆದರೆ ಬಟ್ಟೆ ಜಾರಿ ಬಲ್ಬಿಗೆ ತಾಗಿದರೆ ಬೆಂಕಿ. ನಾನು ಒಪ್ಪುವುದಿಲ್ಲ. ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಮಗುವಿನ ಕೈಗೆ ಸಿಗದಂತೆ ಇಡಿ.

ನುಸಿಗುಳಿಗೆಯಂತೂ ನಿಮ್ಮ ಮನೆಗೆ ಖಂಡಿತ ಬೇಡ. ಅದು ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದರಿಂದ ರಕ್ತದ ಕೆಂಪುಕಣ ಒಡೆಯುತ್ತದೆ. ಕೊರತೆ ಇದೆಯೋ ಇಲ್ಲವೋ ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಎರಡು ವರ್ಷದ ಮಗು ಕಲ್ಲುಸಕ್ಕರೆ ಅಂತ ಬಾಯಿಗೆ ಹಾಕಿಕೊಂಡರೆ ಇನ್ನೂ ಅಪಾಯ. ಬಿಳಿ ಹತ್ತಿಗೆ ಅದರ ಅಗತ್ಯವೂ ಇಲ್ಲ. ಅದು ಉಣ್ಣೆ, ರೇಷ್ಮೆ ತಿನ್ನುವ ನುಸಿಗೆ ಹಾಕುವಂಥದ್ದು.

ಈಗ ಮಂಚ. ಪುಡಿ ಬೀಳುತ್ತಿದೆ ಎಂದಿರಿ. ಹಿಟ್ಟಿನಷ್ಟು ನುಣುಪು, ಜೊತೆಗೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ತೂತು ಇದ್ದರೆ ಅದು ಮರ ಕೊರೆಯುವ ದುಂಬಿ, ಗೆದ್ದಲಲ್ಲ. ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಗೂಡು, ಮಣ್ಣಿನ ದಾರಿ ಕಾಣುತ್ತದೆ. ಬೀಟೆಯ ಕಪ್ಪು ತಿರುಳಿಗೆ ಈ ಹುಳು ಸಾಮಾನ್ಯವಾಗಿ ಹೋಗುವುದಿಲ್ಲ. ಅದಕ್ಕೆ ಬೇಕಾದ್ದು ತಿರುಳಿನ ಹೊರಗಿನ ಬಿಳಿ ಮರ, ಅದರಲ್ಲಿನ ಪಿಷ್ಟ. ಹಳೇ ಆಚಾರಿಗಳು ಕಾಣದ ಜಾಗಕ್ಕೆ ಬಿಳಿ ಮರ, ಕಾಡುಮರ ಬಳಸಿರುತ್ತಾರೆ. ಹಾಗಾಗಿ ಮಂಚದ ಅಡ್ಡಪಟ್ಟಿ, ಕೆಳಗಿನ ಹಲಗೆಗಳನ್ನು ಮೊದಲು ನೋಡಿ. ಅಲ್ಲೇ ಇದ್ದರೆ ಆ ಹಲಗೆಯನ್ನೇ ಬದಲಾಯಿಸಬಹುದು. ಮಂಚಕ್ಕೆ ಏನೂ ಆಗಿರುವುದಿಲ್ಲ.

ಹುಳು ಈಗಲೂ ಇದೆಯೇ, ಅಥವಾ ಹಳೇ ಪುಡಿ ಅಲ್ಲಾಡಿಸಿದಾಗ ಉದುರುತ್ತಿದೆಯೇ ಎಂದು ತಿಳಿಯಬೇಕಲ್ಲ? ಎಲ್ಲಾ ಒರೆಸಿ, ಬ್ರಷ್ಷಿನಲ್ಲಿ ತೂತಿನ ಬಾಯಿ ಚೊಕ್ಕ ಮಾಡಿ. ತೂತುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೆಳಗೆ ಕಪ್ಪು ಕಾಗದ ಹಾಸಿ, ಮಂಚ ಅಲ್ಲಾಡಿಸದೆ ಎರಡು ಮೂರು ವಾರ ಬಿಡಿ. ಕಾಗದದ ಮೇಲೆ ಸಣ್ಣ ಸಣ್ಣ ಗುಪ್ಪೆಯಾಗಿ ಹೊಸ ಪುಡಿ ಬಿದ್ದಿದ್ದರೆ ಹುಳು ಒಳಗಿದೆ. ಬೋರಿಕ್ ಆಸಿಡ್, ಬೊರಾಕ್ಸ್ ಕರಗಿಸಿದ ದ್ರಾವಣ ಬಳಿಯುವುದು ಒಂದು ದಾರಿ. ಅದು ಬರಿ ಮರಕ್ಕೆ ಮಾತ್ರ ಇಳಿಯುತ್ತದೆ. ಪಾಲಿಶ್ ಅಥವಾ ಬಣ್ಣದ ಮೇಲೆ ಬಳಿದರೆ ವ್ಯರ್ಥ. ಮಗು ಬಾಯಿ ಹಾಕುವ ಎತ್ತರದಲ್ಲಿ ಬಳಿಯಬಾರದು. ಇನ್ನೊಂದು ದಾರಿ, ಕೀಟ ನಿಯಂತ್ರಣದವರಿಂದ ತೂತಿಗೆ ಸಿರಿಂಜಿನಲ್ಲಿ ಔಷಧಿ ಹಾಕಿಸುವುದು. ಬೇಗ ಕೆಲಸವಾಗುತ್ತದೆ, ಆದರೆ ಅದು ಕೀಟನಾಶಕ. ಮಾಡಿಸಿದ ಮೇಲೆ ವಾಸನೆ ಪೂರಾ ಹೋಗುವ ತನಕ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಇಟ್ಟು, ಮಗು ಮಲಗುವ ಕೋಣೆಗೆ ತರಬೇಡಿ. ಸೀಮೆಎಣ್ಣೆ ಹೊಯ್ಯುವ ಪದ್ಧತಿಯೂ ಇದೆ. ಬೆಂಕಿಯ ಭಯ ಒಂದು, ಮೇಲಾಗಿ ಒಳಗಿನ ಮರಿಗೆ ಅದು ತಲುಪುವುದೇ ಕಷ್ಟ. ಬೇಡ.

ಬಿಳಿ ಬಣ್ಣದ ಮಾತಿಗೆ ಬರುತ್ತೇನೆ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬೀಟೆಗೆ ಬಣ್ಣ ಹೊಡೆಯಬೇಡಿ. ಬೀಟೆ ನಿಧಾನವಾಗಿ ಬೆಳೆಯುವ ಮರ. ಈಗ ಒಂದು ಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಮಂಚದಷ್ಟು ದಪ್ಪದ ಕಂಬ ಮತ್ತೆ ಸಿಗುವುದು ಕಷ್ಟ. ಒಮ್ಮೆ ಬಣ್ಣ ಮರದ ಗೆರೆಯೊಳಗೆ ಇಳಿದರೆ, ಕೆರೆದು ತೆಗೆದರೂ ಬಿಳಿ ಕಣ ಉಳಿದೇ ಉಳಿಯುತ್ತದೆ. ಅಷ್ಟೇ ಅಲ್ಲ, ಬಣ್ಣ ನಿಲ್ಲುವುದೂ ಇಲ್ಲ. ಬೀಟೆ, ಸಾಗುವಾನಿಯಲ್ಲಿ ಎಣ್ಣೆ, ಬಣ್ಣದ ಅಂಶ ಜಾಸ್ತಿ. ಅದು ಬಿಳಿಯ ಮೂಲಕ ಹೊರಬಂದು ಕಂದು, ನೇರಳೆ ಕಲೆಯಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಪ್ರತಿ ಕೀಲಿನಲ್ಲೂ ಬಣ್ಣ ಬಿರುಕು ಬಿಡುತ್ತದೆ. ಕನ್ನಡಿ ಮೇಜಿನ ಡ್ರಾಯರುಗಳು ಬಣ್ಣದ ದಪ್ಪಕ್ಕೇ ಸಿಕ್ಕಿಕೊಳ್ಳುತ್ತವೆ.

ಬಿಳಿ ಮೇಜು ಬೇಕೇ ಬೇಕು ಎಂದಾದರೆ ಮನೆಯಲ್ಲಿರುವ ಕಾಡುಮರದ ಸ್ಟೂಲು, ಹಳೇ ಸ್ಟೀಲ್ ಬೀರು, ಬೆತ್ತದ ಬುಟ್ಟಿಗೆ ಹೊಡೆಯಿರಿ. ಸ್ಟೀಲ್ ಬೀರುವಿಗೆ ಕೆನೆ ಬಿಳಿ ಬಣ್ಣ ಹೊಡೆಸಿ ನೋಡಿ, ಎಷ್ಟು ಚೆಂದ ಕಾಣುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಮಂಚಕ್ಕೆ ಬೇಕಾದ್ದು ಬರೀ ಆರೈಕೆ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಗೆ ಒಂದು ಹನಿ ಸೋಪು ಹಾಕಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಕೊಬ್ಬರಿ ಎಣ್ಣೆ ತಿಕ್ಕುವ ಅಭ್ಯಾಸ ಬಿಡಿ. ಅವತ್ತಿಗೆ ಮಿನುಗುತ್ತದೆ, ಆಮೇಲೆ ಜಿಡ್ಡಾಗಿ, ಕಮಟಿ, ಧೂಳು ಹಿಡಿಯುತ್ತದೆ. ಅರಗಿನ ಪಾಲಿಶ್ ಮಾಡಿಸುವುದಾದರೆ ಒಣ ಹವೆಯಲ್ಲಿ ಮಾಡಿಸಿ. ತೇವದಲ್ಲಿ ಮಾಡಿದರೆ ಮೇಲೆ ಬಿಳಿ ಮಬ್ಬು ಬರುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ.

ಹಸಿರು ತೊಟ್ಟಿಲಿನ ಬಗ್ಗೆ ನನಗೆ ನಿಜವಾದ ಆತಂಕ ಇದೆ. ಉಜ್ಜಿ ಹಳೇ ಕಳೆ ಬರಿಸುವ ಯೋಚನೆ ಇದ್ದರೆ ದಯವಿಟ್ಟು ನಿಲ್ಲಿಸಿ. ಹಳೇ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಉಜ್ಜಿದರೆ ಆ ಧೂಳು ನೆಲಕ್ಕೆ, ಅಲ್ಲಿಂದ ಮಗುವಿನ ಕೈಗೆ, ಬಾಯಿಗೆ. ಸೀಸ ಮಕ್ಕಳ ಮೆದುಳಿಗೆ ಮಾಡುವ ಹಾನಿಯನ್ನು ಸರಿಪಡಿಸಲು ಆಗುವುದಿಲ್ಲ. ಬಣ್ಣ ಎದ್ದಿಲ್ಲದಿದ್ದರೆ ತೊಟ್ಟಿಲನ್ನು ಮಗುವಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ, ನೋಡಲಿಕ್ಕಷ್ಟೇ ಇರಲಿ. ಸಿಪ್ಪೆ ಏಳುತ್ತಿದ್ದರೆ ಸದ್ಯ ಬಟ್ಟೆ ಸುತ್ತಿ ಅಟ್ಟಕ್ಕೆ ಕಳಿಸಿ. ಮಗುವನ್ನು ಅದರಲ್ಲಿ ಮಲಗಿಸಬೇಡಿ.

ಕೋಣೆ ಹೇಗೆ ಕಾಣಬೇಕು ಎಂಬುದು ಇನ್ನು ಸುಲಭ. ಗೋಡೆ ಮಣ್ಣಿನದ್ದಾದರೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣ ಹೊಡೆಸಿ. ಪೇಂಟು ಗೋಡೆಯ ತೇವವನ್ನು ಒಳಗೇ ಕಟ್ಟಿಹಾಕಿ ಆಮೇಲೆ ಚಕ್ಕೆ ಏಳುತ್ತದೆ. ಸುಣ್ಣದಲ್ಲಿ ಗೋಡೆ ಉಸಿರಾಡುತ್ತದೆ, ಅದರ ಕ್ಷಾರ ಬೂಷ್ಟಿಗೆ ಆಗುವುದಿಲ್ಲ. ಅದರಷ್ಟು ಮೆತ್ತಗಿನ ಬಿಳುಪನ್ನು ನಾನು ಯಾವ ಡಬ್ಬಿಯಲ್ಲೂ ಕಂಡಿಲ್ಲ. ಹೆಂಚಿನ ಸಂದಿ, ಬೆಳಕಿಂಡಿ ಮುಚ್ಚಿ ಫಾಲ್ಸ್ ಸೀಲಿಂಗ್ ಹಾಕಿಸಬೇಡಿ. ಮಂಗಳೂರು ಹೆಂಚಿನ ಮನೆ ಒಣಗಿರುವುದೇ ಆ ಸಂದಿಯ ಗಾಳಿಯಿಂದ. ನಾಲ್ಕು ಕಂಬದ ಮಂಚಕ್ಕೆ ಬಿಳಿ ಹತ್ತಿಯ ಸೊಳ್ಳೆ ಪರದೆ ಕಟ್ಟಿ. ಕಪ್ಪು ಬೀಟೆ, ಬಿಳಿ ಪರದೆ, ಕೆಂಪು ನೆಲ ಮೂರೂ ಸೇರಿದರೆ ನಿಮಗೆ ಬೇಕಾದ ಹಳೇ ಕಾಲ ಅಲ್ಲೇ ಇದೆ. ಅದು ನಮ್ಮ ಕಡೆಯ ಹಳೇ ಕಾಲ, ಯಾರದ್ದೋ ಅಲ್ಲ. ಪರದೆಯ ಅಂಚು ನೆಲದಿಂದ ಎರಡು ಇಂಚು ಮೇಲಿರಲಿ. ಚಿತ್ರಗಳಲ್ಲಿ ನೆಲದ ಮೇಲೆ ರಾಶಿ ಬಿದ್ದಿರುತ್ತದೆ, ಆದರೆ ನಮ್ಮ ಕೆಂಪು ನೆಲದ ಬಣ್ಣ ಪಾಲಿಶ್ ಜೊತೆ ಬಟ್ಟೆಗೆ ಅಂಟುತ್ತದೆ. ಅದು ಐರನ್ ಆಕ್ಸೈಡ್, ಬ್ಲೀಚಿಗೂ ಹೋಗುವುದಿಲ್ಲ. ಕನ್ನಡಿಯ ಅಂಚಿನ ಕಪ್ಪು ಮಚ್ಚೆ ಹಿಂದಿನ ಬೆಳ್ಳಿ ಲೇಪಕ್ಕೆ ತೇವ ತಾಗಿ ಆದದ್ದು. ಮತ್ತೆ ಲೇಪ ಮಾಡಿಸಬೇಡಿ, ಹಾಗೇ ಇರಲಿ. ಒರೆಸುವಾಗ ನೀರನ್ನು ಬಟ್ಟೆಗೆ ಚಿಮುಕಿಸಿ, ಗಾಜಿಗಲ್ಲ.

ಹರಿದ ಲೇಸನ್ನೂ ಎಸೆಯಬೇಡಿ. ಇನ್ನೂ ಎರಡು ಮೂರು ಸಲ ಸಾದಾ ನೀರಿನಲ್ಲಿ ಜಾಲಾಡಿಸಿ ಉಳಿದ ಬ್ಲೀಚ್ ತೆಗೆಯಿರಿ. ಒಣಗಿದ ಮೇಲೆ ಒಂದು ತುಂಡು ಮಲ್‌ಮಲ್ ಮೇಲೆ ಹರಡಿ, ಸಣ್ಣ ಸೂಜಿಯಲ್ಲಿ ಅಲ್ಲಲ್ಲಿ ಸಡಿಲವಾಗಿ ಹೊಲಿದು ಹಿಡಿಸಿ. ಗಾಜಿಗೆ ತಾಗದ ಹಾಗೆ ಫ್ರೇಮ್ ಹಾಕಿಸಬಹುದು. ಬಿಸಿಲು ಬೀಳದ ಗೋಡೆ ಆರಿಸಿ.

ಕೊನೆಗೆ ಕೆತ್ತನೆ ಕಲ್ಲು. ತೆಗೆದುಕೊಳ್ಳಬೇಡಿ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಹೊಲ, ಕೆರೆ ಏರಿ, ಪಾಳು ಗುಡಿಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲು, ಒಡೆದ ವಿಗ್ರಹಗಳು ಬಿದ್ದಿವೆ. ಅಂಥದ್ದು ಯಾವ ಊರಿಂದ ಎದ್ದುಬಂತು ಎಂದು ವ್ಯಾಪಾರಿ ಹೇಳುವುದಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ಅದನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಮಾರುವ ವ್ಯಾಪಾರಿಗೆ ಲೈಸೆನ್ಸ್ ಇರಬೇಕು. ಅವನ ಹತ್ತಿರ ಅದು ಇದೆಯೇ ಎಂದು ಕೇಳಿ ನೋಡಿ. ಅಂಗಳಕ್ಕೆ ಕಲ್ಲೇ ಬೇಕು ಅನ್ನಿಸಿದರೆ ಹಿತ್ತಲಿನಲ್ಲಿ ಮೂಲೆಗೆ ಬಿದ್ದಿರುವ ನಿಮ್ಮದೇ ಮನೆಯ ಒರಳು, ರುಬ್ಬುವ ಕಲ್ಲು ಎತ್ತಿ ತಂದು, ತೊಳೆದು, ಜಗಲಿಯ ಪಕ್ಕ ಇಡಿ. ನೀರು ನಿಂತು ಸೊಳ್ಳೆ ಆಗದಂತೆ ಒರಳಿನ ಗುಂಡಿಗೆ ಮಣ್ಣು ತುಂಬಿ ಒಂದು ಗಿಡ ನೆಡಿ.